ಕುರುವಂಶವೂ ಅದರ ಕಿರಿಯ ಪಾತ್ರಗಳೂ

ಮಹಾಭಾರತದ ಕಥೆಯನ್ನು ಕೇಳದ ಮನೆಯು ನಮ್ಮ ಸೀಮೆಯಲ್ಲಿ ವಿರಳ. ಶಿವಮೊಗ್ಗೆಯ ಸಮೀಪದ ತುಂಗಾತೀರದಲ್ಲಿರುವ ಹೊಸಹಳ್ಳಿಯು ಗಮಕಕಲೆಗೆ ಹೆಸರಾದುದು. ಕುಮಾರವ್ಯಾಸನ ಷಟ್ಪದಿಗಳು ಅಲ್ಲಿ ಇಂದಿಗೂ ಕಂಠಸ್ಥವಾಗಿವೆ. ಭೀಮಾರ್ಜುನರನ್ನೂ ಕರ್ಣ ದುರ್ಯೋಧನರನ್ನೂ ಅರಿಯದ ಬಾಲಕಿಯಿಲ್ಲ. ಆದರೆ ಬಾಹ್ಲೀಕನು ಯಾರು, ಯುಯುತ್ಸುವು ಯಾರ ಮಗನು, ದುಶ್ಶಲೆಯು ಯಾರಿಗೆ ತಂಗಿ ಎಂದು ಕೇಳಿದರೆ ಹಿರಿಯರೂ ಕ್ಷಣಕಾಲ ಯೋಚಿಸುವರು. ಇಂತಹ ಕಿರಿಯ ಪಾತ್ರಗಳನ್ನು ಕುರಿತು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸೋಣ. ರಾಜ್ಯವನ್ನು ಗೆದ್ದವರು ಮಹಾವೀರರು ಅಹುದು. ವಂಶವನ್ನು ಉಳಿಸಿದವರಾದರೋ ಬೇರೆಯವರು ಎಂಬುದೇ ನಮ್ಮ ಅಭಿಪ್ರಾಯ.

ಮೊದಲು ವಂಶಾವಳಿಯನ್ನು ನೋಡೋಣ. ಹಿರಿಯ ಮಗನಿಗೆ ಪಟ್ಟವೆಂಬುದು ರಾಜಕುಲದ ನಿಯಮವಷ್ಟೆ. ಈ ವಂಶದಲ್ಲಿ ಆ ನಿಯಮವು ಪದೇ ಪದೇ ಮುರಿಯಿತು. ಯಯಾತಿಯ ಐವರು ಮಕ್ಕಳಲ್ಲಿ ಹಿರಿಯನಾದ ಯದುವು ರಾಣಿ ದೇವಯಾನಿಯ ಮಗನು. ಸಿಂಹಾಸನವು ದೊರೆತುದು ಆಕೆಯ ದಾಸಿಯಾಗಿ ಬಂದ ಶರ್ಮಿಷ್ಠೆಯ ಕಿರಿಯ ಮಗನಾದ ಪೂರುವಿಗೆ. ಭರತ ಚಕ್ರವರ್ತಿಯು ತನ್ನ ಒಂಬತ್ತು ಮಂದಿ ಮಕ್ಕಳಲ್ಲಿ ಒಬ್ಬನನ್ನೂ ಯೋಗ್ಯನೆಂದು ಎಣಿಸಲಿಲ್ಲ. ಬಳಿಕ ಭರದ್ವಾಜರ ಅನುಗ್ರಹದಿಂದ ಪಡೆದ ಭುಮನ್ಯುವು ವಂಶಕ್ಕೆ ಆಧಾರನಾದನು. ಪ್ರತೀಪನ ಹಿರಿಯ ಮಗನಾದ ದೇವಾಪಿಗೆ ಚರ್ಮರೋಗದ ನಿಮಿತ್ತ ಪಟ್ಟವು ತಪ್ಪಿತು. ಎರಡನೆಯವನಾದ ಬಾಹ್ಲೀಕನು ಸೋದರಮಾವನ ರಾಜ್ಯಕ್ಕೆ ಹೋದನು. ಹೀಗಾಗಿ ಕಿರಿಯವನಾದ ಶಂತನುವು ಅರಸನಾದನು. ಭೀಷ್ಮನಿಗೆ ದೊಡ್ಡಪ್ಪನಾದ ಆ ಬಾಹ್ಲೀಕನೇ ಮುಪ್ಪಿನಲ್ಲಿ ಕುರುಕ್ಷೇತ್ರಕ್ಕೆ ಬಂದು ಭೀಮನಿಂದ ಹತನಾದನೆಂಬುದನ್ನು ಎಷ್ಟು ಮಂದಿ ನೆನೆಯುವರು?

ಇನ್ನು ಯುಯುತ್ಸುವಿನ ವಿಷಯ. ಇವನು ಧೃತರಾಷ್ಟ್ರನಿಗೆ ವೈಶ್ಯ ಸ್ತ್ರೀಯಲ್ಲಿ ಹುಟ್ಟಿದವನು. ಯುದ್ಧಾರಂಭದಲ್ಲಿ ಧರ್ಮರಾಯನು ಕರೆದಾಗ ಕೌರವಸೇನೆಯನ್ನು ಬಿಟ್ಟು ಪಾಂಡವರ ಕಡೆಗೆ ಬಂದನು. ನೂರು ಮಂದಿ ಕೌರವರು ಮಡಿದ ಮೇಲೆ ಧೃತರಾಷ್ಟ್ರನ ಗಂಡುಮಕ್ಕಳಲ್ಲಿ ಉಳಿದವನು ಇವನೊಬ್ಬನೇ. ಪಾಂಡವರು ಮಹಾಪ್ರಸ್ಥಾನಕ್ಕೆ ಹೊರಟಾಗ ಪರೀಕ್ಷಿತನಿಗೆ ಪಟ್ಟವನ್ನು ಕಟ್ಟಿ, ರಾಜ್ಯದ ಮೇಲ್ವಿಚಾರಣೆಯನ್ನು ಈತನ ಕೈಗೇ ಒಪ್ಪಿಸಿದರು.

ಕೌರವರ ಒಬ್ಬಳೇ ತಂಗಿ ದುಶ್ಶಲೆ. ಯುದ್ಧದಲ್ಲಿ ಅಣ್ಣಂದಿರನ್ನೂ ಪತಿಯಾದ ಜಯದ್ರಥನನ್ನೂ ಕಳೆದುಕೊಂಡವಳು. ಅಶ್ವಮೇಧದ ಕುದುರೆಯ ಹಿಂದೆ ಅರ್ಜುನನು ಸಿಂಧುದೇಶಕ್ಕೆ ಬಂದನೆಂಬ ವಾರ್ತೆಯನ್ನು ಕೇಳಿದ ಮಾತ್ರಕ್ಕೆ ಆಕೆಯ ಮಗ ಸುರಥನು ಪ್ರಾಣಬಿಟ್ಟನು. ಆಗ ಆಕೆಯು ಶಸ್ತ್ರವನ್ನು ಹಿಡಿಯಲಿಲ್ಲ. ಶಿಶುವಾದ ಮೊಮ್ಮಗನನ್ನು ಕರೆದುಕೊಂಡು ರಣರಂಗಕ್ಕೆ ಬಂದು ಶಾಂತಿಯನ್ನು ಬೇಡಿದಳು. ಅವಳನ್ನು ಕಂಡು ಅರ್ಜುನನು ಗಾಂಡೀವವನ್ನು ಕೆಳಗಿಟ್ಟನು. ಒಂದು ರಾಜ್ಯವೂ ಒಂದು ವಂಶವೂ ಹೀಗೆ ಉಳಿದುವು.

ಉತ್ತರೆಯನ್ನು ಬೃಹನ್ನಳೆಯ ಶಿಷ್ಯೆಯೆಂದು ಮಾತ್ರ ನಾವು ನೆನೆಯುವೆವು. ದ್ರೌಪದಿಯ ಐವರು ಮಕ್ಕಳೂ ಅಶ್ವತ್ಥಾಮನ ಕತ್ತಿಗೆ ತುತ್ತಾದರು. ಅಭಿಮನ್ಯುವು ಅದಕ್ಕೂ ಮುಂಚೆ ಮಡಿದಿದ್ದನು. ಹೀಗಿರಲಾಗಿ ಕುರುವಂಶದ ಭಾರವೆಲ್ಲವೂ ವಿಧವೆಯಾದ ಈ ತರುಣಿಯ ಗರ್ಭದ ಮೇಲೆ ನಿಂತಿತು. ಅವಳ ಮಗನು ಪರೀಕ್ಷಿತ, ಮೊಮ್ಮಗನು ಜನಮೇಜಯ. ವೈಶಂಪಾಯನರು ಭಾರತವನ್ನು ಹೇಳಿದುದು ಈ ಜನಮೇಜಯನಿಗೆ. ಉತ್ತರೆಯ ಮಗುವು ಉಳಿಯದಿದ್ದರೆ ಕಥೆಯನ್ನು ಕೇಳುವ ಕಿವಿಯೇ ಇರುತ್ತಿರಲಿಲ್ಲ.

ಕನ್ನಡದ ಆದಿಕವಿಯು ಈ ಸಂಗತಿಯನ್ನು ಬಲ್ಲವನೆಂದು ತೋರುತ್ತದೆ. 941ರಲ್ಲಿ ರಚಿತವಾದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ, ಕೊನೆಯಲ್ಲಿ ಅರ್ಜುನನಿಗೇ ಪಟ್ಟವನ್ನು ಕಟ್ಟಿಸಿದನು. ಜತೆಯಲ್ಲಿ ಸಿಂಹಾಸನವನ್ನೇರಿದವಳು ದ್ರೌಪದಿಯಲ್ಲ, ಸುಭದ್ರೆ. ಅಭಿಮನ್ಯುವಿನ ತಾಯಿಯ ಮೂಲಕವೇ ವಂಶವು ಮುಂದುವರಿಯಿತಷ್ಟೆ!

ಇದು ಪುರಾಣದ ಮಾತು ಮಾತ್ರವೆಂದು ವಾಚಕರು ತಿಳಿಯಬಾರದು. ಶಿವಮೊಗ್ಗೆಯಿಂದ ಆಯನೂರನ್ನು ಹಾದು ಸಾಗರದ ಕಡೆಗೆ ಹೋದರೆ ಇಕ್ಕೇರಿಯೂ ಕೆಳದಿಯೂ ಸಿಗುವುವು. ಆ ನಾಯಕರ ವಂಶದಲ್ಲಿ ಸೋಮಶೇಖರನಾಯಕನು ಮಕ್ಕಳಿಲ್ಲದೆ ಗತಿಸಿದಾಗ, ವರ್ತಕನ ಮಗಳಾದ ರಾಣಿ ಚೆನ್ನಮ್ಮಾಜಿಯು 1672ರಿಂದ 1697ರವರೆಗೆ ರಾಜ್ಯವಾಳಿದಳು. ಆಕೆಯ ದತ್ತುಪುತ್ರನಾದ ಬಸಪ್ಪನಾಯಕನೇ ಮುಂದೆ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು.

ನಮ್ಮ ಮನೆಗಳ ವಂಶವೃಕ್ಷಗಳಲ್ಲಿಯೂ ತಂದೆ, ಅಜ್ಜ, ಮುತ್ತಜ್ಜ ಎಂದು ಗಂಡಸರ ಹೆಸರುಗಳು ಮಾತ್ರ ಸಾಲುಗೊಂಡಿರುವುದು ವಾಡಿಕೆ. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕ ಮಹಾಶಯರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ಒಂದು ಬಿಡುವಿನ ಸಂಜೆ ಮಕ್ಕಳನ್ನು ಕೂರಿಸಿಕೊಂಡು ಕುರುವಂಶದ ವೃಕ್ಷವನ್ನು ಶರ್ಮಿಷ್ಠೆ, ಸುಭದ್ರೆ, ಉತ್ತರೆ, ದುಶ್ಶಲೆಯರ ಹೆಸರುಗಳ ಸಹಿತ ಬರೆಯಿಸಿರಿ. ಬಳಿಕ ಅದೇ ಕ್ರಮದಲ್ಲಿ ತಮ್ಮ ಮನೆಯ ವೃಕ್ಷವನ್ನೂ ಬರೆಯಿಸಿರಿ. ಅಜ್ಜಿಯ ತಾಯಿಯ ಹೆಸರು ಯಾರಿಗೂ ನೆನಪಿಲ್ಲವಾದರೆ, ಬಲ್ಲ ಹಿರಿಯರು ಇರುವಾಗಲೇ ಕೇಳಿ ತಿಳಿದು ಬರೆದಿಡತಕ್ಕುದು.