ಕಾಡಂಚಿನ ಜಮೀನಿಗೆ ನೋಟಿಸು ಬಂದಾಗ: ವಕೀಲರನ್ನು ಆರಿಸಿಕೊಳ್ಳುವ ಬಗೆ

ಉತ್ತರ ಕನ್ನಡದ ಅಂಬೇವಾಡಿಯಿಂದ ಹಳಿಯಾಳ, ಜೋಯಿಡಾ ಕಡೆಗೆ ಹೊರಟರೆ ಗದ್ದೆಯ ಬದು ಮುಗಿದಲ್ಲಿ ಕಾಡು ಶುರುವಾಗುವ ಊರುಗಳೇ ಹೆಚ್ಚು. ಭತ್ತ, ಗೋವಿನಜೋಳ, ಕಬ್ಬು ಬೆಳೆಯುವ ಇಲ್ಲಿನ ರೈತರಿಗೆ ಕೋರ್ಟು-ಕಚೇರಿಯ ಅಲೆದಾಟ ಬರುವುದು ಈ ಗಡಿಯಿಂದಲೇ. ಅತಿಕ್ರಮಣದ ನೋಟಿಸು ಬರುತ್ತದೆ, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಗುತ್ತದೆ, ಆನೆ-ಹಂದಿ ತಿಂದ ಬೆಳೆಗೆ ಪರಿಹಾರ ಸಿಗುವುದಿಲ್ಲ. ‘ಇನ್ನೂ ನಾಲ್ಕು ದಿನ ನೋಡೋಣ’ ಎಂದು ಸುಮ್ಮನೆ ಕೂತವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಕಾಯಿದೆ ನಮ್ಮ ಪರವಾಗಿದ್ದರೂ ಅವಧಿ ಮೀರಿದರೆ ಕೆಲಸ ಕೆಡುತ್ತದೆ.

ನೋಟಿಸಿನ ಲಕೋಟೆ ಬಿಸಾಡಬೇಡಿ. ಕೈಗೆ ಬಂದ ತಾರೀಖನ್ನು ಅದರ ಮೇಲೆಯೇ ಬರೆದಿಡಿ. ಯಾವ ಕಲಂ, ಯಾವ ಸರ್ವೆ ನಂಬರು, ಎಷ್ಟು ಎಕರೆ-ಗುಂಟೆ, ಯಾರ ಮುಂದೆ ಯಾವತ್ತು ಹಾಜರಾಗಬೇಕು ಎಂಬುದನ್ನು ಓದಿಸಿಕೊಳ್ಳಿ. ‘64-ಎ’ ಎಂದಿದ್ದರೆ ಅದು 1963ರ ಕರ್ನಾಟಕ ಅರಣ್ಯ ಕಾಯಿದೆಯಡಿ ಒಕ್ಕಲೆಬ್ಬಿಸುವ ಕ್ರಮ. ಅದರ ವಿಚಾರಣೆ ನಡೆಯುವುದು ನ್ಯಾಯಾಧೀಶರ ಮುಂದಲ್ಲ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿಯ ಮುಂದೆ. ಅಲ್ಲಿಗೆ ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ಆದೇಶವಾಗಬಹುದು. ಆದರೆ ಅರಣ್ಯ ಹಕ್ಕಿನ ಅರ್ಜಿ ಇನ್ನೂ ಇತ್ಯರ್ಥವಾಗದೆ ಉಳಿದಿದ್ದರೆ, 2006ರ ಅರಣ್ಯ ಹಕ್ಕು ಕಾಯಿದೆಯ 4(5)ನೇ ಕಲಮಿನಂತೆ ಅರ್ಜಿದಾರರನ್ನು ಒಕ್ಕಲೆಬ್ಬಿಸುವಂತಿಲ್ಲ. ಅರ್ಜಿ ಕೊಟ್ಟಾಗ ಸಿಕ್ಕ ಸ್ವೀಕೃತಿ ಚೀಟಿ ಅದಕ್ಕೇ ಅಷ್ಟು ಮುಖ್ಯ. ಆ ಚೀಟಿ ತೋರಿಸಿದ ಮೇಲೂ ಈ ಕಲಂ ನೆನಪಾಗದ ವಕೀಲರಿಗಿಂತ ಬೇರೆಯವರನ್ನು ನೋಡುವುದೇ ಲೇಸು.

ಹಕ್ಕಿನ ಅರ್ಜಿಯಲ್ಲಿ ಇನ್ನೊಂದು ಪರೀಕ್ಷೆಯಿದೆ. ಉತ್ತರ ಕನ್ನಡದ ಸಿದ್ದಿಯರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ, ಆ ನೆಲೆಯಲ್ಲೇ ಅರ್ಜಿ ಹಾಕಬಹುದು. ಗೌಳಿಗರು, ಕುಣಬಿಯರು ಮತ್ತು ಉಳಿದ ರೈತರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗಿ ಅರ್ಜಿ ಹಾಕಬೇಕು; ಅವರಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸುವ ಹೊರೆಯಿದೆ. ಅದೇ ಜಮೀನನ್ನು 75 ವರ್ಷ ಉತ್ತಿರಬೇಕು ಎಂದಲ್ಲ. ಸಾಗುವಳಿ 13-12-2005ಕ್ಕೆ ಮೊದಲಿನದಾಗಿದ್ದರೆ ಸಾಕು. ಇವೆರಡನ್ನೂ ಬೆರೆಸಿ ಅರ್ಜಿ ತಳ್ಳಿಹಾಕಿದ್ದರೆ ಅದನ್ನು ಹಿಡಿದು ವಾದಿಸುವವರು ಬೇಕು. ಹಳೆಯ ಬಾವಿ, ಮನೆಯ ಅಡಿಪಾಯ, ಸ್ಮಶಾನ, ದೇವರ ಸ್ಥಳ, ಊರ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲ ನಿಯಮ 13ರಂತೆ ಸಾಕ್ಷ್ಯ. ಹಾಗಾಗಿ ಒಮ್ಮೆಯಾದರೂ ಹೊಲಕ್ಕೆ ಬಂದು ನೋಡುವ ವಕೀಲರೇ ಬೇಕು. ದಾಂಡೇಲಿ, ಹಳಿಯಾಳ, ಮುಂಡಗೋಡದವರಿಗೆ ಅದು ಸುಲಭ.

ಗ್ರಾಮಸಭೆಯ ನಿರ್ಣಯದ ವಿರುದ್ಧ ಉಪವಿಭಾಗ ಮಟ್ಟದ ಸಮಿತಿಗೆ, ಅದರ ತೀರ್ಮಾನದ ವಿರುದ್ಧ ಜಿಲ್ಲಾ ಮಟ್ಟದ ಸಮಿತಿಗೆ ಹೋಗಲು ತಲಾ 60 ದಿನವಿದೆ. ಅಲ್ಲಿಂದ ಮುಂದೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ. ಊರಿನ ವಕೀಲರು ಕಾಗದ ಹೊಂದಿಸಿ, ಧಾರವಾಡದವರು ವಾದಿಸಿದರೆ ಕೆಲಸ ಸಲೀಸು. 2019ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟು ಅರ್ಜಿ ತಿರಸ್ಕೃತವಾದವರನ್ನು ಒಕ್ಕಲೆಬ್ಬಿಸಲು ಹೇಳಿ, 28ರಂದು ಆ ಆದೇಶವನ್ನು ತಾನೇ ತಡೆಹಿಡಿಯಿತು. ಹಳೆಯ ಆದೇಶ ತೋರಿಸಿ ಹೆದರಿಸುವವರಿಗೆ ಸೊಪ್ಪು ಹಾಕಬೇಡಿ.

ಹೊಳೆ, ಬೋರ್‌ವೆಲ್ ನೀರು ಕೆಟ್ಟರೆ ದಾರಿ ಬೇರೆ: ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು, ಬಳಿಕ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಪರಿಹಾರ ಕೇಳಲು ಐದು ವರ್ಷದ ಅವಧಿಯಿದೆ. ಅರಣ್ಯ ಹಕ್ಕು ಮತ್ತು ವನ್ಯಜೀವಿ ಕಾಯಿದೆಗಳು ಆ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ಬೇಲಿಗೆ ಕರೆಂಟು ಹರಿಸಿ ಆನೆ ಸತ್ತರೆ ಅದು 1972ರ ವನ್ಯಜೀವಿ ಕಾಯಿದೆಯ ಕ್ರಿಮಿನಲ್ ಪ್ರಕರಣ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ.

ವಕೀಲರು ಜಾಹೀರಾತು ಕೊಡುವಂತಿಲ್ಲ. ಹಾಗಾಗಿ ಪ್ರಕರಣ ನಡೆಸಿದ ಅಕ್ಕಪಕ್ಕದ ರೈತರನ್ನು ವಿಚಾರಿಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಕೀಲರ ಹೆಸರು ಹಾಕಿದರೆ ಕೋರ್ಟಿನಲ್ಲಿರುವ ಅವರ ಪ್ರಕರಣಗಳು ಕಾಣುತ್ತವೆ, ಅರಣ್ಯಾಧಿಕಾರಿಯ ಮುಂದಿನವು ಮಾತ್ರ ಕಾಣುವುದಿಲ್ಲ. ಎದುರುಪಕ್ಷದ ಇಲಾಖೆಗೋ ಕಾರ್ಖಾನೆಗೋ ಅವರು ವಕಾಲತ್ತು ವಹಿಸುತ್ತಾರೆಯೇ ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ. ಫೀಯನ್ನು ಹಂತಹಂತವಾಗಿ ಬರೆಸಿಕೊಂಡು ರಸೀದಿ ಪಡೆಯಿರಿ. ‘ಗೆದ್ದರೆ ಜಮೀನಿನಲ್ಲಿ ಪಾಲು ಕೊಡಿ’ ಎನ್ನುವುದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ.

ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಅರಣ್ಯ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಿಗೂ ಬರುವುದರಿಂದ ಉಚಿತ ವಕೀಲರಿಗಾಗಿ ಮನೆಯಾಕೆಯೇ ಅರ್ಜಿ ಹಾಕಬಹುದು. ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೆ 15100ಕ್ಕೆ ಕರೆ ಮಾಡಿ. ಮೂಲ ದಾಖಲೆ ಮನೆಯಲ್ಲಿರಲಿ, ವಕೀಲರಿಗೆ ನಕಲು ಕೊಡಿ. ಮುಂದೆ ವಕೀಲರನ್ನು ಬದಲಿಸಬೇಕಾಗಿ ಬಂದಾಗ ಫೀ ಬಾಕಿಯಿದೆ ಎಂದು ನಿಮ್ಮ ಫೈಲು ತಡೆಹಿಡಿಯುವಂತಿಲ್ಲ. ಸುಪ್ರೀಂ ಕೋರ್ಟು 2000ದಲ್ಲೇ ಹಾಗೆ ಹೇಳಿದೆ.