ಆಫ್ರಿಕಾ, ಕೆರಿಬಿಯನ್ ಕಾದಂಬರಿ: ಕೆಜಿಎಫ್ ಪರೀಕ್ಷಾರ್ಥಿಗೊಂದು ಟಿಪ್ಪಣಿ

ಮಾರಿಕುಪ್ಪಂನಿಂದ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಓದುವವರು ಮೊದಲು ಪೀಟರ್ ಅಬ್ರಹಾಮ್ಸ್ ಹೆಸರನ್ನು ನೆನಪಿಡಿ. ಅವರ ‘ಮೈನ್ ಬಾಯ್’ (1946) ಕಾದಂಬರಿಯ ನಾಯಕ ಜೂಮಾ ಹಳ್ಳಿ ಬಿಟ್ಟು ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿ ಸೇರುತ್ತಾನೆ. ಗಣಿಧೂಳಿಗೆ ಶ್ವಾಸಕೋಶ ಕಳೆದುಕೊಳ್ಳುವವರ ಕಥೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಕಂಡವರಿಗೆ ಹೊಸದಲ್ಲ. ಲೇಖಕರು ಹುಟ್ಟಿದ್ದು ದಕ್ಷಿಣ ಆಫ್ರಿಕಾದಲ್ಲಿ, 1956ರಿಂದ ನೆಲೆಸಿದ್ದು ಜಮೈಕಾದಲ್ಲಿ. ಎರಡೂ ಪ್ರದೇಶಗಳ ಕೊಂಡಿ ಅವರೇ.

ಕೆಜಿಎಫ್ ಗಣಿ ಮುಚ್ಚಿದ ವರ್ಷ ಯಾವುದು? 2001. ಅದೇ ವರ್ಷ ಸಾಹಿತ್ಯ ನೊಬೆಲ್ ಪಡೆದವರು ವಿ.ಎಸ್. ನೈಪಾಲ್; ಹುಟ್ಟುನಾಡು ಟ್ರಿನಿಡಾಡ್, ಪೂರ್ವಜರು ಭಾರತದಿಂದ ಹೋದ ಕರಾರು ಕೂಲಿಗಳು. ಜೋಡಿಯಾಗಿ ಓದಿದರೆ ಮರೆಯುವುದಿಲ್ಲ.

2021 ಆಫ್ರಿಕಾದ ವರ್ಷ. ಜಾಂಜಿಬಾರ್ ಮೂಲದ ಅಬ್ದುಲ್‌ರಜಾಕ್ ಗುರ್ನಾಗೆ ನೊಬೆಲ್, ದಕ್ಷಿಣ ಆಫ್ರಿಕಾದ ಡೇಮನ್ ಗಾಲ್ಗಟ್‌ಗೆ ‘ದಿ ಪ್ರಾಮಿಸ್’ಗಾಗಿ ಬೂಕರ್, ಸೆನೆಗಲ್‌ನ ಮೊಹಮ್ಮದ್ ಎಂಬುಗಾರ್ ಸಾರ್‌ಗೆ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ. ಬೂಕರ್ ಪಡೆದ ಮೊದಲ ಜಮೈಕನ್ ಮಾರ್ಲನ್ ಜೇಮ್ಸ್ (2015). ನೈಜೀರಿಯಾದ ಬೆನ್ ಓಕ್ರಿಗೆ ಬಂದದ್ದು 1991ರಲ್ಲಿ.

ಎಡವುವುದು ಇಲ್ಲಿ: ಸೇಂಟ್ ಲೂಸಿಯಾದ ಡೆರೆಕ್ ವಾಲ್ಕಾಟ್ (ನೊಬೆಲ್, 1992) ಕವಿ, ನಾಟಕಕಾರ; ಅವರನ್ನು ಕಾದಂಬರಿಕಾರರ ಪಟ್ಟಿಗೆ ಸೇರಿಸಬೇಡಿ. ಬೂಕರ್ ಬೇರೆ, ಅಂತರರಾಷ್ಟ್ರೀಯ ಬೂಕರ್ ಬೇರೆ. ಎರಡನೆಯದು ಇಂಗ್ಲಿಷಿಗೆ ಅನುವಾದಗೊಂಡ ಕೃತಿಗೆ. 2025ರಲ್ಲಿ ಅದು ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಅವರಿಗೆ ಬಂತು.

ಪಟ್ಟಿ ಬಾಯಿಪಾಠವಾದ ಮೇಲೆ ‘ಮೈನ್ ಬಾಯ್’ ಒಮ್ಮೆ ಓದಿ. ಸಣ್ಣ ಪುಸ್ತಕ.