ಅಟ್ಟದ ಮೇಲಿನ ಡಾಸ್ ಲೆಕ್ಕ ಹೊಸ ಕಂಪ್ಯೂಟರಿನಲ್ಲಿ

'1996ರಾಗ ನಮ್ಮಪ್ಪ ತುಂಬಿದ ಶೇರಿನ ಉತಾರ ಕೊಡ್ರಿ' ಎಂದು ಸಭಾಸದರೊಬ್ಬರು ಸೊಸೈಟಿಗೆ ಬಂದರೆ ಏನು ಮಾಡುವುದು? ಬೇಡಕಿಹಾಳ, ಭೋಜ, ಸದಲಗಾ ಕಡೆ 2005, 2019, 2021ರ ಮಹಾಪೂರಗಳನ್ನು ಕಂಡ ಊರುಗಳಿಗೆ ಕೊರತೆಯಿಲ್ಲ. ತೊಯ್ದ ಖತಾವಣಿ ಪುಸ್ತಕ ಮತ್ತೆ ಓದಲು ಬರುವುದಿಲ್ಲ. ಆದರೆ ಆ ಕಾಲದ ಎಷ್ಟೋ ಸೊಸೈಟಿ, ಡೇರಿ, ದಲಾಲಿ ಅಂಗಡಿಗಳಲ್ಲಿ ಯಾರೋ ಒಬ್ಬ ಹುಡುಗ ಫಾಕ್ಸ್‌ಪ್ರೊದಲ್ಲೋ ಕ್ಲಿಪ್ಪರ್‌ನಲ್ಲೋ ಬರೆದುಕೊಟ್ಟ ಡಾಸ್ ಪ್ರೋಗ್ರಾಂ ಓಡುತ್ತಿತ್ತು. ಆ ಕಂಪ್ಯೂಟರು ಅಟ್ಟದ ಮೇಲೆ ಉಳಿದಿದ್ದರೆ ಲೆಕ್ಕವೂ ಉಳಿದಿರುವ ಸಂಭವ ಹೆಚ್ಚು.

ಆ ಪ್ರೋಗ್ರಾಂ ನಕಲು ಮಾಡಿ ಈಗಿನ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ತೆರೆಯುವುದಿಲ್ಲ. ಡಾಸ್ ಪ್ರೋಗ್ರಾಂಗಳು 16 ಬಿಟ್‌ನವು. 64 ಬಿಟ್ ವಿಂಡೋಸ್‌ನಲ್ಲಿ ಅವುಗಳನ್ನು ನಡೆಸುವ ವ್ಯವಸ್ಥೆಯನ್ನೇ ತೆಗೆದುಹಾಕಲಾಗಿದೆ. 32 ಬಿಟ್‌ನ ವಿಂಡೋಸ್ 10ರವರೆಗೆ ಅದು ಇತ್ತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಾಗಾಗಿ ಬೇಕಾಗಿರುವುದು ಎಮ್ಯುಲೇಟರ್: ಹಳೆಯ ಪ್ರೊಸೆಸರ್, ಹಳೆಯ ಪರದೆ, ಹಳೆಯ ಪ್ರಿಂಟರ್ ಪೋರ್ಟ್ ಎಲ್ಲವನ್ನೂ ನಟಿಸಿ ತೋರಿಸುವ ಒಂದು ಸಾಫ್ಟ್‌ವೇರ್.

ಮೊದಲು ನಕಲು

ಹಳೆಯ ಕಂಪ್ಯೂಟರನ್ನು ಪರೀಕ್ಷೆಗೆಂದು ಮತ್ತೆಮತ್ತೆ ಚಾಲೂ ಮಾಡಬೇಡಿ. ವರ್ಷಗಟ್ಟಲೆ ನಿಂತ ಹಾರ್ಡ್‌ಡಿಸ್ಕ್ ಎಷ್ಟು ಸಲ ತಿರುಗೀತೆಂದು ಹೇಳಲಾಗದು. ಡಿಸ್ಕ್ ಬಿಚ್ಚಿ, ಐಡಿಇ–ಯುಎಸ್‌ಬಿ ಅಡಾಪ್ಟರ್ ಮೂಲಕ ಹೊಸ ಯಂತ್ರಕ್ಕೆ ಜೋಡಿಸಿ. ಕೊಲ್ಹಾಪುರ, ಬೆಳಗಾವಿಯ ಕಂಪ್ಯೂಟರ್ ಅಂಗಡಿಗಳಲ್ಲಿ ವಿಚಾರಿಸಿ; ದೊಡ್ಡ ಡಿಸ್ಕಿಗೆ ಪ್ರತ್ಯೇಕ ಕರೆಂಟ್ ಕೊಡುವ ಅಡಾಪ್ಟರೇ ಆಗಬೇಕು. ಜೋಡಿಸಿದ ಕೂಡಲೇ 'ಫಾರ್ಮ್ಯಾಟ್ ಮಾಡಲೇ?' ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಇಲ್ಲಿ ಕೈತಪ್ಪಿ ಹೌದು ಎಂದರೆ ಮುಂದಿನ ಮಾತೆಲ್ಲ ವ್ಯರ್ಥ. ನೊವೆಲ್ ಸರ್ವರಿನ ಡಿಸ್ಕ್ ಆಗಿದ್ದರೆ ವಿಂಡೋಸ್ ಅದನ್ನು ನೇರವಾಗಿ ಓದುವುದಿಲ್ಲ, ಗೊತ್ತಿದ್ದವರ ಕೈಗೇ ಕೊಡಿ.

ಮೂರೂವರೆ ಇಂಚಿನ 1.44 ಎಂಬಿ ಫ್ಲಾಪಿಗಳಿದ್ದರೆ ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ತುರುಕಿದರೆ ಡ್ರೈವಿನ ಹೆಡ್ ಕೊಳೆಯಾಗಿ ಮುಂದಿನ ಒಳ್ಳೆಯ ಫ್ಲಾಪಿಯೂ ಕೆಡುತ್ತದೆ.

ಪ್ರೋಗ್ರಾಂ ಇದ್ದ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಒಂದು ಪ್ರತಿಯನ್ನು ಮುಟ್ಟದಂತೆ ಪೆನ್‌ಡ್ರೈವಿನಲ್ಲಿಟ್ಟು, ಇನ್ನೊಂದರ ಮೇಲೆ ಕೆಲಸ ಮಾಡಿ. ಒಳಗೆ ಡಿಬಿಎಫ್ ಬಾಲದ ಕಡತಗಳಿದ್ದರೆ ಲೆಕ್ಕ ಇರುವುದು ಅವುಗಳಲ್ಲೇ. ಜತೆಗೆ ಎನ್‌ಟಿಎಕ್ಸ್ ಇದ್ದರೆ ಕ್ಲಿಪ್ಪರ್, ಸಿಡಿಎಕ್ಸ್ ಅಥವಾ ಎಫ್‌ಎಕ್ಸ್‌ಪಿ ಇದ್ದರೆ ಫಾಕ್ಸ್‌ಪ್ರೊ ಎಂದು ತಿಳಿಯಿರಿ.

ಡಾಸ್‌ಬಾಕ್ಸ್-ಎಕ್ಸ್ ಕೂಡ್ರಿಸುವುದು

ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರ್ ಹುಟ್ಟಿದ್ದು ಆಟಗಳಿಗಾಗಿ. ಕಚೇರಿ ಕೆಲಸಕ್ಕೆ ಅದರದೇ ಕವಲಾದ ಡಾಸ್‌ಬಾಕ್ಸ್-ಎಕ್ಸ್ ಮೇಲು, ಏಕೆಂದರೆ ಪ್ರಿಂಟಿಂಗ್ ವ್ಯವಸ್ಥೆ ಇರುವುದು ಇದರಲ್ಲಿ. ಪುಕ್ಕಟೆ ಸಿಗುತ್ತದೆ. ಇನ್‌ಸ್ಟಾಲ್ ಮಾಡಿದ ಮೇಲೆ ಡಿ ಡ್ರೈವಿನಲ್ಲಿ 'ಲೆಕ್ಕ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಫೋಲ್ಡರ್ ಮಾಡಿ. ಹೆಸರು ಎಂಟು ಅಕ್ಷರ ಮೀರದಿರಲಿ, ಡಾಸ್‌ಗೆ ಉದ್ದ ಹೆಸರು ಆಗಿಬರುವುದಿಲ್ಲ. ಕೆಲಸದ ಪ್ರತಿಯನ್ನು ಅದರೊಳಗೆ ಹಾಕಿ.

ಎಮ್ಯುಲೇಟರ್ ತೆರೆದಾಗ ಬರುವ ಪರದೆಯಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ: ಮೊದಲು 'ಮೌಂಟ್', ಜಾಗ ಬಿಟ್ಟು 'ಸಿ', ಮತ್ತೆ ಜಾಗ ಬಿಟ್ಟು 'ಡಿ:\ಲೆಕ್ಕ'. ಎಂಟರ್ ಒತ್ತಿ 'ಸಿ:' ಎಂದು ಹೊಡೆದರೆ ನಿಮ್ಮ ಫೋಲ್ಡರೇ ಹಳೆಯ ಯಂತ್ರದ ಸಿ ಡ್ರೈವ್ ಆಗಿ ಕಾಣುತ್ತದೆ. ನಿಮ್ಮ ಲ್ಯಾಪ್‌ಟಾಪಿನ ನಿಜವಾದ ಸಿ ಡ್ರೈವನ್ನು ಮಾತ್ರ ಎಂದೂ ಮೌಂಟ್ ಮಾಡಬೇಡಿ. 'ಡಿಐಆರ್' ಎಂದರೆ ಪಟ್ಟಿ ಬರುತ್ತದೆ. ಪ್ರೋಗ್ರಾಮಿನ ಹೆಸರು ಹೊಡೆದರೆ ನೀಲಿ ಪರದೆಯ ಮೇಲೆ ಹಳದಿ ಅಕ್ಷರದ ಮೆನು ಎದ್ದು ನಿಲ್ಲಬಹುದು. ಇದೇ ಸಾಲುಗಳನ್ನು ಸೆಟ್ಟಿಂಗ್ ಕಡತದ ಕೊನೆಯಲ್ಲಿರುವ ಆಟೋಎಕ್ಸೆಕ್ ಭಾಗಕ್ಕೆ ಸೇರಿಸಿಟ್ಟರೆ ನಾಳೆಯಿಂದ ಸೆಕ್ರೆಟರಿಯವರು ಐಕಾನ್ ಒತ್ತಿದರೆ ಸಾಕು.

'ಡಿವೈಡ್ ಎರರ್' ಎಂದೋ, ಕ್ಲಿಪ್ಪರ್ ಆದರೆ 'ಆರ್6003' ಎಂದೋ ತೋರಿಸಿ ಪ್ರೋಗ್ರಾಂ ನಿಂತರೆ ಗಾಬರಿಯಾಗಬೇಡಿ. ಆಗಿನ ಪ್ರೋಗ್ರಾಂ ಯಂತ್ರದ ವೇಗ ಅಳೆಯುವಾಗ ಕಾಲವ್ಯತ್ಯಾಸ ಸೊನ್ನೆಯಾಗಿ ಭಾಗಾಕಾರ ಕೆಡುತ್ತದೆ, ಅಷ್ಟೆ. ಮೆನುವಿನ ಸಿಪಿಯು ಭಾಗಕ್ಕೆ ಹೋಗಿ ಸೈಕಲ್ಸ್ ಸಂಖ್ಯೆಯನ್ನು 3000ಕ್ಕೆ ಇಳಿಸಿ. ಓಡತೊಡಗಿದ ಮೇಲೆ ನಿಧಾನ ಎನಿಸಿದರೆ ಸ್ವಲ್ಪಸ್ವಲ್ಪವೇ ಏರಿಸಿ.

ಪ್ರಿಂಟ್ ಬೇಕಾದರೆ ಸೆಟ್ಟಿಂಗ್ ಕಡತದ ಪ್ಯಾರಲಲ್ ಭಾಗದಲ್ಲಿ 'ಪ್ಯಾರಲಲ್1' ಎಂಬುದರ ಎದುರು 'ಪ್ರಿಂಟರ್' ಎಂದು ಬರೆಯಿರಿ. ಡಾಟ್ ಮ್ಯಾಟ್ರಿಕ್ಸ್‌ಗೆಂದು ಪ್ರೋಗ್ರಾಂ ಕಳಿಸಿದ್ದನ್ನು ಎಮ್ಯುಲೇಟರ್ ತಾನೇ ಎಪ್ಸನ್ ಪ್ರಿಂಟರಿನಂತೆ ನಟಿಸಿ ಪುಟ ಮಾಡಿಕೊಡುತ್ತದೆ. ಅಲ್ಲಿ 'ಫೈಲ್' ಎಂದು ಬರೆದರೆ ಅದೇ ಉತಾರ ಕಡತವಾಗಿ ಉಳಿಯುತ್ತದೆ.

ಇಂದಿನ ಕೀರ್ದಿ ಇದರಲ್ಲಿ ಬೇಡ

ಪ್ರೋಗ್ರಾಂ ಓಡಿದ ಹುರುಪಿನಲ್ಲಿ ಈ ವರ್ಷದ ಕೀರ್ದಿಯನ್ನೂ ಇದರಲ್ಲೇ ಬರೆಯುತ್ತೇನೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಅದು ಕೂಡದು. ಇಸವಿಗೆ ಎರಡೇ ಅಂಕಿ ಇಟ್ಟ ಪ್ರೋಗ್ರಾಂ 26 ಎಂದರೆ 1926 ಎಂದುಕೊಂಡು ನೂರು ವರ್ಷದ ಬಡ್ಡಿ ಹಾಕೀತು. ಎಮ್ಯುಲೇಟರ್ ಇರಬೇಕಾದ್ದು ಹಳೆಯದನ್ನು ನೋಡಲಿಕ್ಕೆ ಮತ್ತು ಹೊರತೆಗೆಯಲಿಕ್ಕೆ.

ಹೊರತೆಗೆಯುವುದು ಎಷ್ಟೋ ಸಲ ಎಮ್ಯುಲೇಟರಿಗಿಂತ ಸುಲಭ. ಪುಕ್ಕಟೆಯ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಡಿಬಿಎಫ್ ಕಡತದ ಪ್ರತಿಯನ್ನು ತೆರೆಯಿರಿ. ಪ್ರತಿ ಅಂಕಣದ ತಲೆಯಲ್ಲಿ ಹೆಸರಿನ ಜತೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ: ಸಿ, 30 ಎಂದರೆ 30 ಅಕ್ಷರದ ಪಠ್ಯ, ಎನ್ ಎಂದರೆ ಸಂಖ್ಯೆ, ಡಿ ಎಂದರೆ ತಾರೀಖು. ಪ್ರೋಗ್ರಾಮಿನ ಪಾಸ್‌ವರ್ಡ್ ಮರೆತಿದ್ದರೂ ಬಹುಮಟ್ಟಿಗೆ ಈ ದಾರಿ ತೆರೆದೇ ಇರುತ್ತದೆ. ನೋಡಿದ್ದನ್ನು ಬೇರೆ ಹೆಸರಿನಲ್ಲಿ, ಸ್ಪ್ರೆಡ್‌ಶೀಟ್ ಆಗಿ ಉಳಿಸಿ. ಇನ್ನೊಂದು ಗುಟ್ಟು: ಹಳೆಯ ಪ್ರೋಗ್ರಾಮಿನಲ್ಲಿ 'ಡಿಲೀಟ್' ಮಾಡಿದ ದಾಖಲೆ ಅಳಿದಿರುವುದಿಲ್ಲ, ಅದರ ಮುಂದೆ ಒಂದು ನಕ್ಷತ್ರದ ಗುರುತು ಬಿದ್ದಿರುತ್ತದೆ. ನಿಜವಾಗಿ ಅಳಿಸುವುದು 'ಪ್ಯಾಕ್' ಎಂಬ ಆಜ್ಞೆ. ಮೂಲ ಪ್ರತಿಯ ಮೇಲೆ ಆ ಆಜ್ಞೆಯನ್ನು ಕೊಡಬೇಡಿ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ (ಪಿಕೆಪಿಎಸ್) ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 63,000 ಸಂಘಗಳಿಗಾಗಿ ₹2,516 ಕೋಟಿಯ ಯೋಜನೆ ಒಪ್ಪಿತು. ನಿಮ್ಮ ಪಿಕೆಪಿಎಸ್ ಹೊಸ ಸಾಫ್ಟ್‌ವೇರಿಗೆ ಹೋಗುವುದಾದರೆ ಹೀಗೆ ತೆಗೆದ ಪಟ್ಟಿ ಕೈಯಲ್ಲಿರಲಿ.

ಕನ್ನಡ ಕಡತಗಳ ಪಾಡು

ಡಾಸ್‌ನಲ್ಲಿ ಕನ್ನಡ ಮೂಡಿಸಲು ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿಸಿಕೊಂಡ ಕಚೇರಿಗಳಿದ್ದವು. ಎಮ್ಯುಲೇಟರ್ ಆ ಕಾರ್ಡನ್ನು ನಟಿಸುವುದಿಲ್ಲ. ಹೆಸರುಗಳ ಜಾಗದಲ್ಲಿ ಗೆರೆ, ಚೌಕ, ಯುರೋಪಿನ ಅಕ್ಷರಗಳು ಕಂಡರೆ ಡೇಟಾ ಕೆಟ್ಟಿದೆ ಎಂದುಕೊಳ್ಳಬೇಡಿ. ಅದು ಇಸ್ಕಿ ಸಂಕೇತ. ಡಿಬಿಎಫ್‌ನಿಂದ ತೆಗೆದು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬಹುದು.

ನಿಪ್ಪಾಣಿ, ಚಿಕ್ಕೋಡಿಯ ಡಿಟಿಪಿ ಅಂಗಡಿಗಳ ತಾಪತ್ರಯ ಬೇರೆ. 1998ರಲ್ಲಿ ಬಂದ ಬರಹ, ಆಮೇಲೆ ಬಂದ ನುಡಿ ಇವೆರಡೂ 32 ಬಿಟ್‌ನವು, ಎಮ್ಯುಲೇಟರ್ ಇಲ್ಲದೆಯೇ ಈಗಲೂ ತೆರೆಯಬಹುದು. ಮೊದಲು ಅದನ್ನೇ ನೋಡಿ. ಪೇಜ್‌ಮೇಕರ್, ಶ್ರೀಲಿಪಿ ಜೋಡಿ ಹೊಸ ವಿಂಡೋಸ್‌ನಲ್ಲಿ ತಕರಾರು ಮಾಡಿದರೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗೆ ವಿಂಡೋಸ್ ಎಕ್ಸ್‌ಪಿ ಕೂಡ್ರಿಸಿ. 512 ಎಂಬಿ ಮೆಮೊರಿ, 10 ಜಿಬಿ ಡಿಸ್ಕ್ ಧಾರಾಳ. ಎಕ್ಸ್‌ಪಿಯ ಮೂಲ ಸಿಡಿ ಮತ್ತು ಕೀ ನಿಮ್ಮದೇ ಇರಬೇಕು. 2014ರ ಏಪ್ರಿಲ್ 8ಕ್ಕೆ ಅದರ ಸುರಕ್ಷತಾ ಅಪ್‌ಡೇಟ್ ನಿಂತಿದೆ, ಆದ್ದರಿಂದ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಬಂದ್ ಮಾಡಿ, ಕಡತ ಸಾಗಿಸಲು ಶೇರ್ಡ್ ಫೋಲ್ಡರ್ ಬಳಸಿ.

ಗಡಿಭಾಗದ ಲಗ್ನಪತ್ರಿಕೆಯಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ ಇರುವುದುಂಟು. ಹಳೆಯ ಫಾಂಟುಗಳಲ್ಲಿ ಎರಡಕ್ಕೂ ಒಳಗಿನ ಸಂಕೇತಗಳು ಅವೇ, ಅಕ್ಷರ ತೀರ್ಮಾನವಾಗುವುದು ಫಾಂಟಿನಿಂದ. ಇಡೀ ಪುಟವನ್ನು ಕನ್ನಡದ ಪರಿವರ್ತಕಕ್ಕೆ ಕೊಟ್ಟರೆ ಮರಾಠಿ ಭಾಗ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ. ಫಾಂಟಿನ ಹೆಸರಿನಲ್ಲಿ 'ಕನ್' ಇದ್ದ ಭಾಗ ಒಂದು ಕಡತ, 'ದೇವ್' ಇದ್ದ ಭಾಗ ಇನ್ನೊಂದು ಕಡತ ಮಾಡಿ, ಬೇರೆಬೇರೆಯಾಗಿಯೇ ಪರಿವರ್ತಿಸಿ.

ಕೊನೆಯದು, ಸಾಫ್ಟ್‌ವೇರ್ ತೆರೆಯಲು ಕಂಪ್ಯೂಟರಿಗೆ ಸಿಕ್ಕಿಸಬೇಕಾದ ಲಾಕ್. ಯುಎಸ್‌ಬಿ ಲಾಕ್ ಆದರೆ ವರ್ಚುವಲ್‌ಬಾಕ್ಸ್‌ನ ಯುಎಸ್‌ಬಿ ಮೆನುವಿನಿಂದ ಒಳಗಿನ ಎಕ್ಸ್‌ಪಿಗೆ ದಾಟಿಸಬಹುದು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಹಳೆಯ ಲಾಕ್‌ಗೆ ಆ ಅನುಕೂಲವಿಲ್ಲ, ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇರುವುದಿಲ್ಲ. ಅಂಥ ಅಂಗಡಿಯವರು ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುಂಚೆ, ಅದರಲ್ಲೇ ಕೂತು ಬೇಕಾದ ಪತ್ರಿಕೆಗಳನ್ನೆಲ್ಲ ಪಿಡಿಎಫ್ ಮಾಡಿಕೊಳ್ಳಿ.